ಗಿಟಾರಿಗೆ ಎರಡು ಪಿಕಪ್: ಬೆರೆಸುವ ಪೆಟ್ಟಿಗೆಯನ್ನು ಕೊಳ್ಳುವ ಮುನ್ನ

ಕೇರಳದ ಶಾಲಾ ಕಲೋತ್ಸವದಲ್ಲಿ ಪಾಶ್ಚಾತ್ಯ ಗಿಟಾರ್ ವಾದನಕ್ಕೆ ಪ್ರತ್ಯೇಕ ಸ್ಪರ್ಧೆಯಿದೆ. ವೃಂದವಾದ್ಯದ ತಂಡಗಳಲ್ಲಿಯೂ ಗಿಟಾರ್ ಕಾಣಿಸಿಕೊಳ್ಳುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ವಾರ್ಷಿಕೋತ್ಸವಗಳಲ್ಲಿ, ಚರ್ಚುಗಳ ಗಾಯನವೃಂದಗಳಲ್ಲಿ ಆ ವಾದ್ಯವನ್ನು ಹಿಡಿದ ಮಕ್ಕಳು ಇಂದು ಅಪರೂಪವಲ್ಲ. ಅವರ ಪೋಷಕರದು ಬಹುತೇಕ ಒಂದೇ ದೂರು: ಮನೆಯ ಚಾವಡಿಯಲ್ಲಿ ನುಡಿಸಿದಾಗ ಮರದ ಮೈಯಿಂದ ತುಂಬಿ ಬರುವ ನಾದವು ವೇದಿಕೆಯ ಮೇಲೆ ವಯರು ಸಿಕ್ಕಿಸಿದೊಡನೆ ತೆಳ್ಳಗಾಗಿ, ತಗಡು ಬಡಿದಂತೆ ಕೇಳಿಸುತ್ತದೆ.

ಇದಕ್ಕೆ ಬಲ್ಲವರು ಸೂಚಿಸುವ ಪರಿಹಾರವೊಂದಿದೆ. ಗಿಟಾರಿಗೆ ಇನ್ನೊಂದು ಬಗೆಯ ಪಿಕಪ್ಪನ್ನು ಸೇರಿಸುವುದು, ಎರಡರ ಧ್ವನಿಯನ್ನೂ ಎರಡು ಚಾನಲಿನ ಪ್ರೀಆಂಪಿನಲ್ಲಿ ಹದವಾಗಿ ಬೆರೆಸಿ ಹೊರಗೆ ಕಳಿಸುವುದು. ಸಲಹೆಯಲ್ಲಿ ತಪ್ಪಿಲ್ಲ. ಆದರೆ ಈ ಪೆಟ್ಟಿಗೆಗಳು ಅಗ್ಗವಲ್ಲ. ಒಂದು ಗಿಟಾರಿಗೆ ಒಪ್ಪಿದ್ದು ಇನ್ನೊಂದಕ್ಕೆ ಒಪ್ಪಬೇಕೆಂದೂ ಇಲ್ಲ. ಹೆಸರು, ಬೆಲೆ, ಗುಂಡಿಗಳ ಸಂಖ್ಯೆ ಇವುಗಳನ್ನು ನೋಡಿ ಕೊಂಡದ್ದು ಹಲವೊಮ್ಮೆ ಕಪಾಟು ಸೇರುತ್ತದೆ. ಎರಡು ಪಿಕಪ್ಪುಗಳ ಸ್ವಭಾವವನ್ನು ಅರಿತು ಕೊಂಡದ್ದು ಮಾತ್ರ ವೇದಿಕೆಯಲ್ಲಿ ಕೆಲಸಕ್ಕೆ ಬರುತ್ತದೆ.

ಮೂರು ಬಗೆಯ ಕಿವಿಗಳು

ಪಿಕಪ್ ಎಂದರೆ ವಾದ್ಯದ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ. ಅಕೌಸ್ಟಿಕ್ ಗಿಟಾರಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವುದು ಪಿಯೆಜೊ ಪಿಕಪ್. ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುದಾವೇಶ ಹುಟ್ಟುತ್ತದೆಂಬುದನ್ನು ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ 1880ರಲ್ಲಿ ಕಂಡುಕೊಂಡರು. ಗಿಟಾರಿನ ಕುದುರೆಯ ಮೇಲೆ, ತಂತಿಗಳು ಊರಿ ನಿಂತಿರುವ ಬಿಳಿಯ ಪಟ್ಟಿಯೊಂದಿರುತ್ತದೆ. ಅದರ ಹೆಸರು ಸ್ಯಾಡಲ್. ಆ ಪಟ್ಟಿಯ ಅಡಿಯಲ್ಲಿ ಪಿಯೆಜೊ ಎಳೆಯನ್ನು ಹುದುಗಿಸಿದರೆ ತಂತಿಯ ಪ್ರತಿ ಅದಿರಾಟವೂ ಒತ್ತಡವಾಗಿ ಅದನ್ನು ತಲುಪುತ್ತದೆ. ಅಮೆರಿಕದಲ್ಲಿ ಹೆಲಿಕಾಪ್ಟರುಗಳನ್ನು ನಿರ್ಮಿಸುತ್ತಿದ್ದ ಚಾರ್ಲ್ಸ್ ಕಾಮನ್ 1966ರಲ್ಲಿ ಸ್ಥಾಪಿಸಿದ ಓವೇಶನ್ ಕಂಪನಿಯ ಗಿಟಾರುಗಳು ಈ ಬಗೆಯ ಪಿಕಪ್ಪನ್ನು ವೇದಿಕೆಗಳಲ್ಲಿ ಪರಿಚಯಿಸಿದವು. ಪಿಯೆಜೊ ಧ್ವನಿಯು ಸ್ಪಷ್ಟ, ಚುರುಕು. ಸ್ಪೀಕರಿನ ಎದುರಲ್ಲಿಯೂ ಸುಲಭಕ್ಕೆ ಕೂಗೆಬ್ಬಿಸದು. ಆದರೆ ಬಲವಾಗಿ ಮೀಟಿದಾಗ ನಾದಕ್ಕಿಂತ ಹೊಡೆತವೇ ಮುಂದಾಗುತ್ತದೆ. ಪಾಶ್ಚಾತ್ಯ ವಾದಕರು ಈ ಕೊರತೆಯನ್ನು ಬಾತುಕೋಳಿಯ ಕೂಗಿಗೆ ಹೋಲಿಸುತ್ತಾರೆ.

ಎರಡನೆಯದು ಅಯಸ್ಕಾಂತದ ಪಿಕಪ್. ಇದನ್ನು ಗಿಟಾರಿನ ನಾದರಂಧ್ರಕ್ಕೆ ಅಡ್ಡಲಾಗಿ ಸಿಕ್ಕಿಸುತ್ತಾರೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಆಧಾರ: ಅಯಸ್ಕಾಂತದ ಬಳಿ ಉಕ್ಕಿನ ತಂತಿ ಅದಿರಿದಾಗ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆ. ನೈಲಾನ್ ತಂತಿಯ ಗಿಟಾರಿಗೆ ಇದು ಸಲ್ಲದು. ಮಂದ್ರ ಸ್ವರಗಳು ಇದರಲ್ಲಿ ದುಂಡಾಗಿ, ಬೆಚ್ಚಗೆ ಕೇಳಿಸುತ್ತವೆ. ಆದರೆ ಇದು ತಂತಿಯನ್ನು ಬಲ್ಲದು, ಮರವನ್ನು ಅಷ್ಟಾಗಿ ಅರಿಯದು. ಗಿಟಾರಿನ ಮೈಯನ್ನು ಬೆರಳಿನಿಂದ ತಟ್ಟಿದರೆ ಆ ತಾಳ ಇದಕ್ಕೆ ಬಹುಮಟ್ಟಿಗೆ ಕೇಳಿಸದು.

ಮರದ ಧ್ವನಿಯನ್ನು ಹಿಡಿಯಲು ಮೂರನೆಯ ಬಗೆಯವು ಬೇಕು: ಕುದುರೆಯ ಕೆಳಗೆ ಹಲಗೆಯ ಒಳಮೈಗೆ ಅಂಟಿಸುವ ಕಾಂಟ್ಯಾಕ್ಟ್ ಪಿಕಪ್, ಅಥವಾ ಗಿಟಾರಿನ ಒಡಲೊಳಗೆ ಕೂರಿಸುವ ಪುಟ್ಟ ಮೈಕು. ನಾದದ ಸಹಜತೆ ಇವುಗಳಲ್ಲಿ ಹೆಚ್ಚು, ಅದಕ್ಕೆ ತಕ್ಕ ಅಪಾಯವೂ ಹೆಚ್ಚು. ಗಿಟಾರಿನ ಒಡಲಿನ ಗಾಳಿ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ ತಾನಾಗಿಯೇ ಅನುರಣಿಸುತ್ತದೆ. ಸ್ಪೀಕರಿನಿಂದ ಮರಳಿ ಬಂದ ಸದ್ದು ಆ ಗಾಳಿಯನ್ನು ಕದಲಿಸಿದರೆ, ಮೈಕು ಅದನ್ನು ಮತ್ತೆ ಸ್ಪೀಕರಿಗೆ ಕಳಿಸಿದರೆ, ಸಭೆಯಲ್ಲಿ ಎಲ್ಲರೂ ಕಿವಿ ಮುಚ್ಚಿಕೊಳ್ಳುವಂತಹ ಹೂಂಕಾರ ಏಳುತ್ತದೆ.

ಹೀಗೆ ಒಂದೊಂದಕ್ಕೂ ಒಂದು ಬಲ, ಒಂದು ಕೊರತೆ. ಅಮೆರಿಕದ ಗಿಟಾರ್ ವಾದಕ ಮೈಕೆಲ್ ಹೆಡ್ಜಸ್ ಅಯಸ್ಕಾಂತದ ಪಿಕಪ್ಪಿನೊಂದಿಗೆ ಹಲಗೆಗೆ ತಗಲಿಸಿದ ಪಿಕಪ್ಪನ್ನು ಸೇರಿಸಿ ನುಡಿಸುತ್ತಿದ್ದರು. ತಂತಿಯ ತುಂಬು ಮಂದ್ರ ಒಂದರಿಂದ, ಮೈಯ ಮೇಲಿನ ತಟ್ಟುವಿಕೆ ಇನ್ನೊಂದರಿಂದ ಎಂಬ ಈ ಕೆಲಸದ ಹಂಚಿಕೆಯೇ ಎರಡು ಪಿಕಪ್ಪುಗಳ ಪದ್ಧತಿಯ ಸಾರ.

ಬೆರೆತಾಗ ಕಳೆಯುವುದೂ ಉಂಟು

ಎರಡು ಧ್ವನಿಗಳನ್ನು ಕೂಡಿಸಿದರೆ ಧ್ವನಿ ಇಮ್ಮಡಿಯಾಗಬೇಕೆಂದು ತೋರುವುದು ಸಹಜ. ಧ್ವನಿಯು ಅಲೆಯಾದುದರಿಂದ ಲೆಕ್ಕ ಹಾಗಿಲ್ಲ. ಒಂದರ ಉಬ್ಬು ಇನ್ನೊಂದರ ಉಬ್ಬಿನೊಡನೆ ಸೇರಿದರೆ ಧ್ವನಿ ಬಲಿಯುತ್ತದೆ. ಒಂದರ ಉಬ್ಬು ಇನ್ನೊಂದರ ತಗ್ಗಿನೊಡನೆ ಸೇರಿದರೆ ಎರಡೂ ಅಳಿಯುತ್ತವೆ.

ಒಂದು ಲೆಕ್ಕವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಮಾಡಿ ನೋಡಬಹುದು. ಗಾಳಿಯಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರು. ಕುದುರೆಯಿಂದ 17 ಸೆಂಟಿಮೀಟರು ದೂರದಲ್ಲಿ ಮೈಕು ಇದೆಯೆಂದಿಟ್ಟುಕೊಂಡರೆ, ಸ್ಯಾಡಲಿನ ಪಿಕಪ್ಪಿಗೆ ಮುಟ್ಟಿದ ಸದ್ದು ಮೈಕಿಗೆ ಮುಟ್ಟುವುದು ಹೆಚ್ಚುಕಡಿಮೆ ಅರ್ಧ ಮಿಲಿಸೆಕೆಂಡು ತಡವಾಗಿ. 1000 ಹರ್ಟ್ಸಿನ ಅಲೆಗೆ ಒಂದು ಸುತ್ತು ಮುಗಿಸಲು ಬೇಕಾದುದು ಒಂದು ಮಿಲಿಸೆಕೆಂಡು. ಅರ್ಧ ಮಿಲಿಸೆಕೆಂಡಿನಲ್ಲಿ ಅದು ಉಬ್ಬಿನಿಂದ ತಗ್ಗಿಗೆ ಇಳಿದಿರುತ್ತದೆ. ಎರಡೂ ಧ್ವನಿಗಳು ಸಮಬಲದಲ್ಲಿ ಕೂಡಿದರೆ 1000 ಹರ್ಟ್ಸ್ ಬಳಿ ಒಂದು ಹಳ್ಳ, 3000 ಹರ್ಟ್ಸ್ ಬಳಿ ಇನ್ನೊಂದು, 5000ದ ಬಳಿ ಮತ್ತೊಂದು ಬೀಳುತ್ತದೆ. ನಿಜವಾದ ಗಿಟಾರಿನೊಳಗೆ ಸದ್ದು ಹಲವು ದಾರಿಗಳಲ್ಲಿ ಸಾಗುವುದರಿಂದ ಹಳ್ಳಗಳು ಇಷ್ಟು ಅಚ್ಚುಕಟ್ಟಾಗಿರುವುದಿಲ್ಲವಾದರೂ, ಎರಡು ಒಳ್ಳೆಯ ಪಿಕಪ್ಪುಗಳು ಕೂಡಿ ಒಂದು ಸೊರಗಿದ ಧ್ವನಿಯನ್ನು ಕೊಡುವುದಕ್ಕೆ ಕಾರಣ ಇದೇ.

ಪರಿಹಾರಗಳು ಎರಡು. ಒಂದು, ಯಾವುದಾದರೊಂದು ಚಾನಲಿನ ಅಲೆಯನ್ನು ತಲೆಕೆಳಗು ಮಾಡುವ ಫೇಸ್ ಸ್ವಿಚ್ಚು. ಅದು ಹಳ್ಳಗಳನ್ನು ತುಂಬಲಾರದು, ಅವುಗಳ ಜಾಗವನ್ನು ಬದಲಿಸುತ್ತದೆ. ಎರಡು ಸ್ಥಿತಿಗಳಲ್ಲಿ ಯಾವುದರಲ್ಲಿ ಮಂದ್ರ ಸ್ವರ ತುಂಬಿ ಕೇಳಿಸುವುದೋ ಅದನ್ನು ಕಿವಿಯೇ ಆರಿಸಬೇಕು. ಇನ್ನೊಂದು, ಎರಡೂ ಪಿಕಪ್ಪುಗಳಿಂದ ಒಂದೇ ಕೆಲಸವನ್ನು ಮಾಡಿಸದಿರುವುದು. ಮೈಕಿನ ಚಾನಲಿನಲ್ಲಿ, ಉದಾಹರಣೆಗೆ, 200 ಹರ್ಟ್ಸಿಗಿಂತ ಕೆಳಗಿನದನ್ನು ತಗ್ಗಿಸಿ, ಮಂದ್ರದ ಹೊಣೆಯನ್ನು ಪಿಯೆಜೊ ಅಥವಾ ಅಯಸ್ಕಾಂತದ ಪಿಕಪ್ಪಿಗೆ ಒಪ್ಪಿಸಿದರೆ ಘರ್ಷಣೆಯ ಪ್ರದೇಶವೂ ಕುಗ್ಗುತ್ತದೆ, ಒಡಲಿನ 100 ಹರ್ಟ್ಸಿನ ಹೂಂಕಾರಕ್ಕೂ ಕಡಿವಾಣ ಬೀಳುತ್ತದೆ. ಹಾಗೆ ಮಾಡಬೇಕಾದರೆ ಪ್ರೀಆಂಪಿನಲ್ಲಿ ಪ್ರತಿ ಚಾನಲಿಗೂ ತನ್ನದೇ ಆದ ಹತೋಟಿ ಇರಬೇಕು. ಆಯ್ಕೆಯ ಮೊದಲ ಸೂತ್ರ ಇಲ್ಲಿಂದ ಹುಟ್ಟುತ್ತದೆ: ಬೆರೆಯುವ ಮುನ್ನವೇ ಎರಡನ್ನೂ ಪ್ರತ್ಯೇಕವಾಗಿ ತಿದ್ದಲು ಬರುವ ಪೆಟ್ಟಿಗೆಯೇ ಯೋಗ್ಯ.

ಇಂಪಿಡೆನ್ಸ್ ಎಂಬ ಹೆಬ್ಬಾಗಿಲು

ಪ್ರೀಆಂಪಿನ ವಿವರಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕೆ ಇನ್‌ಪುಟ್ ಇಂಪಿಡೆನ್ಸಿನದು. ಒಳಬರುವ ಸಂಕೇತಕ್ಕೆ ಪೆಟ್ಟಿಗೆಯು ಒಡ್ಡುವ ತಡೆ ಎಂದು ಅದನ್ನು ಸರಳವಾಗಿ ತಿಳಿಯಬಹುದು. ಪಿಯೆಜೊ ಎಳೆಯು ವಿದ್ಯುತ್ತಿನ ದೃಷ್ಟಿಯಿಂದ ಒಂದು ಪುಟ್ಟ ಕೆಪಾಸಿಟರು. ಈ ತಡೆ ಕಡಿಮೆಯಾದಷ್ಟೂ ಅದರ ಮಂದ್ರ ಸ್ವರಗಳು ಸೋರಿಹೋಗುತ್ತವೆ. ಎಳೆಯ ಧಾರಕತೆ 1 ನ್ಯಾನೊಫ್ಯಾರಡ್ ಎಂದುಕೊಂಡರೆ, 1 ಮೆಗಓಮಿನ ಇನ್‌ಪುಟ್ಟಿನಲ್ಲಿ ಸುಮಾರು 159 ಹರ್ಟ್ಸಿಗಿಂತ ಕೆಳಗಿನ ಸ್ವರಗಳು ಕ್ಷೀಣಿಸತೊಡಗುತ್ತವೆ. ಗಿಟಾರಿನ ಅತಿ ದಪ್ಪ ತಂತಿಯ ಸ್ವರ ಸುಮಾರು 82 ಹರ್ಟ್ಸ್ ಎಂಬುದನ್ನು ನೆನೆದರೆ ನಷ್ಟ ಎಷ್ಟೆಂದು ತಿಳಿಯುತ್ತದೆ. 10 ಮೆಗಓಮಿನ ಇನ್‌ಪುಟ್ಟಿನಲ್ಲಿ ಆ ಗಡಿ 16 ಹರ್ಟ್ಸಿಗೆ ಇಳಿದು ಮಂದ್ರವೆಲ್ಲ ಉಳಿಯುತ್ತದೆ. ಸಾಧಾರಣ ಮಿಕ್ಸರಿನ ಲೈನ್ ಇನ್‌ಪುಟ್ ಸುಮಾರು 10 ಕಿಲೊಓಮಿನದು. ಅದಕ್ಕೆ ನೇರವಾಗಿ ಸಿಕ್ಕಿಸಿದರೆ ಗಡಿಯು 15,900 ಹರ್ಟ್ಸಿಗೆ ಏರಿ, ಉಳಿಯುವುದು ಕೀರಲು ಸದ್ದು ಮಾತ್ರ. ತಗಡಿನ ಧ್ವನಿಯ ದೂರಿಗೆ ಎಷ್ಟೋ ವೇಳೆ ಕಾರಣ ಗಿಟಾರೂ ಅಲ್ಲ, ಮಗುವಿನ ಕೈಯೂ ಅಲ್ಲ, ಈ ಬಾಗಿಲು.

ಅಯಸ್ಕಾಂತದ ಪಿಕಪ್ಪಿಗೆ 10 ಮೆಗಓಮಿನ ಅಗತ್ಯವಿಲ್ಲ. 1 ಮೆಗಓಮು ಧಾರಾಳ. ಗಿಟಾರಿನ ಒಳಗೇ ಬ್ಯಾಟರಿಯ ಪ್ರೀಆಂಪ್ ಇದ್ದರೆ ಅದರಿಂದ ಹೊರಬರುವ ಸಂಕೇತ ಆಗಲೇ ಬಲಗೊಂಡಿರುವುದರಿಂದ ಈ ಚಿಂತೆ ಬಹುಮಟ್ಟಿಗೆ ಇಲ್ಲ. ಒಡಲೊಳಗಿನ ಎಲೆಕ್ಟ್ರೆಟ್ ಮೈಕಿಗೆ ಬೇಕಾದುದು ಬೇರೆಯೇ: ಕೆಲವು ವೋಲ್ಟಿನ ಚಾಲಕ ವಿದ್ಯುತ್ತು. ಅದನ್ನು ಪ್ರೀಆಂಪೇ ಒದಗಿಸಬೇಕು, ಇಲ್ಲವೆ ಗಿಟಾರಿನೊಳಗೆ ಬ್ಯಾಟರಿಯಿರಬೇಕು. ವೇದಿಕೆಯ ಮೈಕುಗಳಿಗೆ ಮಿಕ್ಸರು ಕೊಡುವ 48 ವೋಲ್ಟಿನ ಫ್ಯಾಂಟಮ್ ವಿದ್ಯುತ್ತು ಬೇರೆ. ಗಿಟಾರಿನ ಪಿಕಪ್ಪಿಗೆ ಅದು ತಗಲಕೂಡದು.

ಎರಡನೆಯ ಸೂತ್ರ ಇದು: ಪಿಕಪ್ಪುಗಳು ಯಾವುವೆಂದು ಗೊತ್ತಿಲ್ಲದೆ ಪ್ರೀಆಂಪನ್ನು ಆರಿಸಲಾಗದು. ಪಿಯೆಜೊ ಮತ್ತು ಮೈಕು ಇರುವ ಗಿಟಾರಿಗೆ ಬೇಕಾದ ಪೆಟ್ಟಿಗೆಯೂ ಅಯಸ್ಕಾಂತದ ಪಿಕಪ್ ಮತ್ತು ಕಾಂಟ್ಯಾಕ್ಟ್ ಇರುವ ಗಿಟಾರಿಗೆ ಬೇಕಾದ ಪೆಟ್ಟಿಗೆಯೂ ಒಂದೇ ಆಗಬೇಕಾಗಿಲ್ಲ.

ಜ್ಯಾಕಿನ ಒಳಗುಟ್ಟು

ಎರಡು ಪಿಕಪ್ಪುಗಳ ಧ್ವನಿ ಸಾಮಾನ್ಯವಾಗಿ ಒಂದೇ ಸ್ಟೀರಿಯೊ ಜ್ಯಾಕಿನ ಮೂಲಕ ಹೊರಬರುತ್ತದೆ: ಪ್ಲಗ್ಗಿನ ತುದಿಯಲ್ಲಿ ಒಂದು, ಅದರ ಹಿಂದಿನ ಉಂಗುರದಲ್ಲಿ ಇನ್ನೊಂದು, ಉಳಿದ ಕೊಳವೆಯಲ್ಲಿ ಇಬ್ಬರಿಗೂ ಸಮಾನವಾದ ಅರ್ತಿಂಗು. ಈ ವ್ಯವಸ್ಥೆಯಲ್ಲಿ ಮೂರು ಎಡವಟ್ಟುಗಳು ಪದೇ ಪದೇ ಸಂಭವಿಸುತ್ತವೆ.

ಮೊದಲನೆಯದು, ಸಾಧಾರಣ ಮೋನೊ ಕೇಬಲನ್ನು ಸಿಕ್ಕಿಸುವುದು. ಆಗ ಉಂಗುರವು ಅರ್ತಿಂಗಿಗೆ ತಗಲಿ ಒಂದು ಪಿಕಪ್ ಮೂಕವಾಗುತ್ತದೆ. ಎರಡನೆಯದು, ಸ್ಟೀರಿಯೊ ಕೇಬಲನ್ನು ಮಿಕ್ಸರಿನ ಬ್ಯಾಲನ್ಸ್ಡ್ ಇನ್‌ಪುಟ್ಟಿಗೆ ನೇರವಾಗಿ ಕೊಡುವುದು. ಆ ಇನ್‌ಪುಟ್ ತುದಿಯ ಸಂಕೇತದಿಂದ ಉಂಗುರದ ಸಂಕೇತವನ್ನು ಕಳೆಯುತ್ತದೆ. ಎರಡು ಪಿಕಪ್ಪುಗಳು ಬೆರೆಯುವ ಬದಲು ಒಂದರೊಳಗಿಂದ ಇನ್ನೊಂದು ಕಳೆದುಹೋಗುತ್ತದೆ. ಮೂರನೆಯದು ಹೆಚ್ಚು ಸೂಕ್ಷ್ಮವಾದುದು. ಬ್ಯಾಟರಿಯುಳ್ಳ ಅನೇಕ ಗಿಟಾರುಗಳಲ್ಲಿ ಪಿಕಪ್ ಒಂದೇ ಇದ್ದರೂ ಸ್ಟೀರಿಯೊ ಜ್ಯಾಕ್ ಇರುತ್ತದೆ. ಅಲ್ಲಿ ಉಂಗುರದ ಕೆಲಸ ಪ್ಲಗ್ಗು ಸಿಕ್ಕಿಸಿದಾಗ ಬ್ಯಾಟರಿಯನ್ನು ಚಾಲನೆ ಮಾಡುವುದಷ್ಟೆ. ಜ್ಯಾಕನ್ನು ನೋಡಿ ಗಿಟಾರಿನಲ್ಲಿ ಎರಡು ಪಿಕಪ್ ಇದೆಯೆಂದು ತೀರ್ಮಾನಿಸಿ ಎರಡು ಚಾನಲಿನ ಪೆಟ್ಟಿಗೆಯನ್ನು ಕೊಂಡರೆ ಒಂದು ಚಾನಲು ಎಂದೆಂದಿಗೂ ಖಾಲಿ. ಹಾಗೆಯೇ ಕೆಲವು ಗಿಟಾರುಗಳಲ್ಲಿ ಎರಡು ಪಿಕಪ್ಪುಗಳನ್ನು ಒಳಗಿನ ಪ್ರೀಆಂಪೇ ಬೆರೆಸಿ ಒಂದಾಗಿ ಹೊರಬಿಡುತ್ತದೆ. ಬೆರೆತದ್ದನ್ನು ಹೊರಗಿನ ಯಾವ ಪೆಟ್ಟಿಗೆಯೂ ಬಿಡಿಸಲಾರದು.

ಪೆಟ್ಟಿಗೆಯಲ್ಲಿ ನೋಡಬೇಕಾದುದು

ಇಷ್ಟು ತಿಳಿದ ಮೇಲೆ ವಿವರಪತ್ರವನ್ನು ಓದುವುದು ಕಷ್ಟವಲ್ಲ. ಎರಡು ಚಾನಲುಗಳಿಗೂ ಬೇರೆ ಬೇರೆ ಗೇನ್ ಗುಂಡಿ ಇರಬೇಕು. ಪಿಕಪ್ಪುಗಳ ಬಲ ಸಮನಾಗಿರುವುದು ಅಪರೂಪ. ಇಂಪಿಡೆನ್ಸ್ ಪ್ರತಿ ಚಾನಲಿನಲ್ಲಿಯೂ ಆ ಪಿಕಪ್ಪಿಗೆ ತಕ್ಕಂತಿರಬೇಕು, ಇಲ್ಲವೆ ಸ್ವಿಚ್ಚಿನಿಂದ ಬದಲಿಸುವಂತಿರಬೇಕು. ಕನಿಷ್ಠ ಒಂದು ಚಾನಲಿಗೆ ಫೇಸ್ ಸ್ವಿಚ್ಚು ಬೇಕು. ಮಂದ್ರವನ್ನು ಕತ್ತರಿಸುವ ಲೋ ಕಟ್, ಸ್ವರವರ್ಣವನ್ನು ತಿದ್ದುವ ಇಕ್ಯೂ ಇವೆರಡೂ ಚಾನಲಿಗೊಂದರಂತೆ ಇದ್ದರೆ ಲೇಸು. ಎರಡಕ್ಕೂ ಸೇರಿ ಒಂದೇ ಇಕ್ಯೂ ಇರುವ ಪೆಟ್ಟಿಗೆಗಳೂ ಮಾರುಕಟ್ಟೆಯಲ್ಲಿವೆ, ಅವು ಕೆಲಸದ ಹಂಚಿಕೆಗೆ ಒದಗವು. ಹೂಂಕರಿಸುವ ಒಂದೇ ಒಂದು ಸ್ವರವನ್ನು ಹುಡುಕಿ ತಗ್ಗಿಸುವ ನಾಚ್ ಫಿಲ್ಟರು ವೇದಿಕೆಯಲ್ಲಿ ಆಪದ್ಬಂಧು. ಮಿಕ್ಸರಿಗೆ ಉದ್ದನೆಯ ಕೇಬಲಿನಲ್ಲಿ ಸಂಕೇತವನ್ನು ಕಳಿಸಲು ಎಕ್ಸ್‌ಎಲ್‌ಆರ್ ಡಿಐ ಔಟ್, ಜನರೇಟರಿನ ಗುಂಯ್ ಸದ್ದು ನುಸುಳಿದಾಗ ಅದನ್ನು ಕಡಿಯಲು ಗ್ರೌಂಡ್ ಲಿಫ್ಟ್ ಸ್ವಿಚ್ಚು, ಶ್ರುತಿ ಮಾಡುವಾಗ ಧ್ವನಿಯನ್ನು ನಿಲ್ಲಿಸಲು ಮ್ಯೂಟ್ ಇವಿಷ್ಟು ಇದ್ದರೆ ಪೆಟ್ಟಿಗೆ ಪೂರ್ಣ. ಬ್ಯಾಟರಿಯಲ್ಲಿ ನಡೆಯುವುದೋ, ಅಡಾಪ್ಟರೇ ಬೇಕೋ ಎಂಬುದನ್ನೂ ಕೇಳಿಕೊಳ್ಳಬೇಕು. ಕರೆಂಟು ಹೋಗಿ ಬರುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ಅಮೆರಿಕದ ಗ್ರೇಸ್ ಡಿಸೈನ್ ಸಂಸ್ಥೆಯ ಫೀಲಿಕ್ಸ್, ಕೆನಡಾದ ರೇಡಿಯಲ್ ಸಂಸ್ಥೆಯ ಪಿಜೆಡ್-ಪ್ರೀ, ಇಂಗ್ಲೆಂಡಿನ ಹೆಡ್‌ವೇ ಸಂಸ್ಥೆಯ ಇಡಿಬಿ-2 ಈ ವರ್ಗದಲ್ಲಿ ಹೆಸರಾದವು. ಇವುಗಳನ್ನು ಹೋಲಿಸುವಾಗಲೂ ಮೇಲಿನ ಅಂಶಗಳನ್ನೇ ಒಂದೊಂದಾಗಿ ಎದುರಿಗಿಟ್ಟು ನೋಡಬೇಕು. ಪೆಟ್ಟಿಗೆಯ ಮೇಲೆ ಎರಡು ಇನ್‌ಪುಟ್ ಇದ್ದ ಮಾತ್ರಕ್ಕೆ ಬೆರೆಸುವ ಸಾಧನವಾಗದು. ಎರಡು ಗಿಟಾರುಗಳ ನಡುವೆ ಬದಲಾಯಿಸಿಕೊಳ್ಳಲೆಂದೇ ಎರಡು ಇನ್‌ಪುಟ್ ಇಟ್ಟಿರುವ ಪೆಟ್ಟಿಗೆಗಳೂ ಇವೆ. ಎರಡೂ ಏಕಕಾಲಕ್ಕೆ ನಡೆಯುವುವೇ ಎಂಬುದು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ.

ಹಣದ ಮಾತು

ಆಮದಾಗುವ ಇಂತಹ ಒಂದು ಪೆಟ್ಟಿಗೆಯ ಬೆಲೆ ಕಲಿಯುವ ಮಗುವಿನ ಗಿಟಾರಿನ ಬೆಲೆಯನ್ನು ಹಲವು ಪಟ್ಟು ಮೀರಬಹುದು. ಅದನ್ನು ಕೊಳ್ಳುವ ಮುನ್ನ ಕುಟುಂಬವೂ ಶಾಲೆಯೂ ಒಂದು ಮಾತನ್ನು ಗಮನಿಸಬೇಕು. ಸಭಾಂಗಣದಲ್ಲಿರುವ ಮಿಕ್ಸರೇ ಹಲವು ಚಾನಲುಗಳ ಬೆರೆಸುವ ಯಂತ್ರ. ಗಿಟಾರಿನ ಪಿಕಪ್ಪನ್ನು 1 ಮೆಗಓಮಿನ ಅಥವಾ ಅದಕ್ಕೂ ಹೆಚ್ಚಿನ ಇನ್‌ಪುಟ್ಟುಳ್ಳ ಆಕ್ಟಿವ್ ಡಿಐ ಪೆಟ್ಟಿಗೆಯ ಮೂಲಕ ಒಂದು ಚಾನಲಿಗೆ ಕೊಟ್ಟು, ಗಿಟಾರಿನ ಎದುರಿಗೆ ಗೇಣುದ್ದ ದೂರದಲ್ಲಿ ಸ್ಟ್ಯಾಂಡಿನ ಮೇಲೆ ಒಂದು ಮೈಕನ್ನು ನಿಲ್ಲಿಸಿ ಇನ್ನೊಂದು ಚಾನಲಿಗೆ ಕೊಟ್ಟರೆ, ಎರಡು ಧ್ವನಿಗಳ ಹಂಚಿಕೆ ಅಲ್ಲಿಯೇ ನೆರವೇರುತ್ತದೆ. ಕುಳಿತು ಒಬ್ಬಂಟಿಯಾಗಿ ನುಡಿಸುವ ಸ್ಪರ್ಧೆಗೆ ಇಷ್ಟು ಸಾಕು. ಒಂದು ಡಿಐ ಪೆಟ್ಟಿಗೆಯನ್ನು ಶಾಲೆಯೇ ಕೊಂಡಿಟ್ಟರೆ ವರ್ಷವರ್ಷವೂ ಎಲ್ಲ ಮಕ್ಕಳಿಗೂ ಉಪಯೋಗವಾದೀತು.

ಸ್ವಂತ ಪೆಟ್ಟಿಗೆ ಯಾವಾಗ ಬೇಕು? ನಿಂತು, ನಡೆದಾಡಿ ನುಡಿಸುವವರಿಗೆ. ತಬಲಾ, ಡ್ರಮ್ಮುಗಳ ಪಕ್ಕದಲ್ಲಿ ನುಡಿಸುವುದರಿಂದ ಎದುರಿನ ಮೈಕು ಎಲ್ಲರ ಸದ್ದನ್ನೂ ಹೀರಿಕೊಳ್ಳುವಲ್ಲಿ. ವಾರವಾರವೂ ಬೇರೆ ಬೇರೆ ಸಭಾಂಗಣಗಳಲ್ಲಿ, ಬೇರೆ ಬೇರೆ ಧ್ವನಿವರ್ಧಕದವರ ಕೈಯಲ್ಲಿ ತನ್ನ ನಾದವನ್ನು ಒಪ್ಪಿಸಬೇಕಾದವರಿಗೆ. ವರ್ಷಕ್ಕೆರಡು ಬಾರಿ ವೇದಿಕೆಯೇರುವ ವಿದ್ಯಾರ್ಥಿಗೆ ಅದೇ ಹಣ ಉತ್ತಮ ಗಿಟಾರಿಗೋ ಪಾಠದ ಶುಲ್ಕಕ್ಕೋ ಸಂದರೆ ಫಲ ಹೆಚ್ಚು.

ಕಿವಿಯ ಪರೀಕ್ಷೆ

ಕೊಳ್ಳುವುದೇ ಆದರೆ ಮಗು ನುಡಿಸುವ ಗಿಟಾರನ್ನೇ ಅಂಗಡಿಗೆ ಒಯ್ಯಬೇಕು. ಮೊದಲು ಒಂದು ಚಾನಲನ್ನು ಮಾತ್ರ ತೆರೆದು, ಇಕ್ಯೂವನ್ನು ನಡುವಿನಲ್ಲಿಟ್ಟು ಆಲಿಸಬೇಕು. ಬಳಿಕ ಅದನ್ನು ಮುಚ್ಚಿ ಎರಡನೆಯದನ್ನು ಆಲಿಸಬೇಕು. ಎರಡೂ ಒಂದೇ ಗಟ್ಟಿತನದಲ್ಲಿ ಕೇಳುವಂತೆ ಗೇನನ್ನು ಹೊಂದಿಸಿ, ಒಟ್ಟಿಗೆ ತೆರೆದು, ದಪ್ಪ ತಂತಿಯನ್ನು ಮೀಟುತ್ತ ಫೇಸ್ ಸ್ವಿಚ್ಚನ್ನು ಅತ್ತಿತ್ತ ಒತ್ತಿ ನೋಡಬೇಕು. ತುಂಬಿ ಕೇಳುವ ಸ್ಥಿತಿಯೇ ಸರಿ. ಅನಂತರ ಬೆಂಬಲದ ಪಿಕಪ್ಪನ್ನು ಸಂಪೂರ್ಣ ಇಳಿಸಿ, ಅದರ ಇರವು ಗಮನಕ್ಕೆ ಬರುವವರೆಗೆ ಮಾತ್ರ ಮೆಲ್ಲನೆ ಏರಿಸಬೇಕು. ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ಎರಡರ ಗಟ್ಟಿತನವೂ ಸಮನಾಗಿರಲಿ. ತುಸು ಗಟ್ಟಿಯಾಗಿ ಕೇಳಿದ್ದನ್ನೇ ಕಿವಿಯು ಇಂಪೆಂದು ಭ್ರಮಿಸುತ್ತದೆ. ಹೆಡ್‌ಫೋನಿನಲ್ಲಿ ಫೀಡ್‌ಬ್ಯಾಕ್ ಏಳುವುದಿಲ್ಲವಾದುದರಿಂದ ಸ್ಪೀಕರಿನ ಎದುರು ನುಡಿಸಿಯೇ ತೀರ್ಮಾನಿಸಬೇಕು.

ಈ ವಿಚಾರ ಗಿಟಾರಿಗಷ್ಟೇ ಸೀಮಿತವಲ್ಲ. ವೀಣೆಗೆ ಕಾಂಟ್ಯಾಕ್ಟ್ ಮೈಕನ್ನು ತಗಲಿಸಿ ನುಡಿಸುವ ಮನೆಗಳಲ್ಲಿಯೂ ಇಂಪಿಡೆನ್ಸಿನ ಲೆಕ್ಕ, ಅಲೆಗಳ ಲೆಕ್ಕ ಇದೇ.

ಕೊನೆಗೊಂದು ಕಿವಿಮಾತು. ಕರಾವಳಿಯ ತೇವದ ಗಾಳಿಯಲ್ಲಿ ಉಕ್ಕಿನ ತಂತಿಗಳು ಬೇಗ ತುಕ್ಕು ಹಿಡಿದು ನಾದ ಕಳೆದುಕೊಳ್ಳುತ್ತವೆ. ಸತ್ತ ತಂತಿಯ ಧ್ವನಿಯನ್ನು ಯಾವ ಪ್ರೀಆಂಪೂ ಬದುಕಿಸಲಾರದು. ಆದುದರಿಂದ ಪಟ್ಟಿಯಲ್ಲಿ ಮೊದಲು ಹೊಸ ತಂತಿಗಳು, ಒಳ್ಳೆಯ ಕೇಬಲು, ಗಿಟಾರಿನೊಳಗಿನ ಬ್ಯಾಟರಿ. ಆಮೇಲೆ ಡಿಐ ಪೆಟ್ಟಿಗೆ. ಎರಡನೆಯ ಪಿಕಪ್ ನಿಜವಾಗಿಯೂ ಗಿಟಾರಿನಲ್ಲಿ ಕುಳಿತ ಮೇಲೆಯೇ ಎರಡು ಚಾನಲಿನ ಪ್ರೀಆಂಪು. ಮುಂದಿನ ಕಲೋತ್ಸವಕ್ಕೆ ಸಿದ್ಧರಾಗುವ ಮನೆಗಳು ಈ ಕ್ರಮದಲ್ಲಿ ನಡೆದರೆ, ಪಟ್ಟಿಯ ಕೊನೆಯವರೆಗೆ ಹೋಗುವ ಅಗತ್ಯವೇ ಬಹಳ ಮಂದಿಗೆ ಬರಲಾರದು.